ಗುಡ್ಡದ ಕಲ್ಲು, ಸೃಷ್ಟಿಯ ಆರು ದಿನ

ಗದಗ ಜಿಲ್ಲೆಯ ರೋಣದಿಂದ ಗಜೇಂದ್ರಗಡದ ಕಡೆಗೆ ಹೊರಟರೆ ಬಹಳ ದೂರದವರೆಗೆ ಎರೆಹೊಲವೇ ಕಾಣುತ್ತದೆ. ಆಮೇಲೆ ಗುಡ್ಡದ ಸಾಲು ಏಳುತ್ತದೆ. ನೆತ್ತಿಯ ಮೇಲೆ ಗಾಳಿಯಂತ್ರಗಳು, ಒಂದು ಕಡೆ ಕೋಟೆ, ಇನ್ನೊಂದು ಕಡೆ ಬಂಡೆಯ ಮಗ್ಗುಲಿಗೆ ಕಾಲಕಾಲೇಶ್ವರನ ಗುಡಿ. ಇಲ್ಲಿಯ ಕಲ್ಲನ್ನು ಹತ್ತಿರದಿಂದ ನೋಡಿದವರಿಗೆ ಅದು ಹಾಸು ಹಾಸಾಗಿರುವುದು ತಿಳಿಯುತ್ತದೆ. ಬುಟ್ಟಿಯಲ್ಲಿ ರೊಟ್ಟಿಯ ಮೇಲೆ ರೊಟ್ಟಿ ಒಟ್ಟಿದ ಹಾಗೆ. ಇದು ಮರಳುಗಲ್ಲು. ನೀರು ತಂದು ಹಾಸಿದ ಮರಳು ಯುಗಯುಗಗಳಲ್ಲಿ ಗಟ್ಟಿಯಾಗಿ ಕಲ್ಲಾಗಿದೆ. ಅದರ ಅಡಿಯಲ್ಲಿ ಅದಕ್ಕಿಂತ ಹಳೆಯ ಗ್ರಾನೈಟ್ ಜಾತಿಯ ಶಿಲೆ ಇದೆ. ಇದೇ ಜಿಲ್ಲೆಯ ಕಪ್ಪತಗುಡ್ಡದ ಶಿಲೆಗಳ ವಯಸ್ಸನ್ನಂತೂ ಭೂವಿಜ್ಞಾನಿಗಳು 250 ಕೋಟಿ ವರ್ಷಕ್ಕಿಂತ ಹೆಚ್ಚು ಎಂದು ಲೆಕ್ಕ ಹಾಕಿದ್ದಾರೆ.

ಈ ಕಲ್ಲುಗಳ ನಡುವೆ ಬೈಬಲಿನ ಸೃಷ್ಟಿಕಥೆ ಬಂದು ನಿಂತದ್ದು 19ನೇ ಶತಮಾನದ ನಡುವಿನಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಿಂದ ಹೊರಟ ಮಿಷನರಿಗಳು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದಗಿನ ಪಕ್ಕದ ಬೆಟಗೇರಿಯಲ್ಲಿ ನೆಲೆಯೂರಿದರು. ಬೆಟಗೇರಿ ನೇಕಾರರ ಊರು. ಅಲ್ಲಿಂದ ರೋಣ, ನರಗುಂದ, ಗಜೇಂದ್ರಗಡದ ಸಂತೆ-ಜಾತ್ರೆಗಳು ದೂರವಲ್ಲ. ಮಿಷನರಿಗಳ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಬರವಣಿಗೆ ಇದೆ. ಒಂದು ಅವರನ್ನು ಮತಾಂತರಿಗಳೆಂದು ಮಾತ್ರ ಕಾಣುತ್ತದೆ. ಇನ್ನೊಂದು ಕಿಟ್ಟೆಲರ 1894ರ ನಿಘಂಟನ್ನು ಮುಂದಿಟ್ಟು ಕನ್ನಡ ಸೇವಕರೆಂದು ಮಾತ್ರ ಹೊಗಳುತ್ತದೆ. ಅವರು ಹೊತ್ತು ತಂದ ಒಂದು ಜಗಳದ ಬಗ್ಗೆ ಎರಡೂ ಕಡೆಯವರು ಮಾತನಾಡುವುದು ಕಡಿಮೆ. ಜಗತ್ತು ಹೇಗೆ, ಯಾವಾಗ ಉಂಟಾಯಿತು ಎಂಬುದರ ಬಗ್ಗೆ ಅವರ ಯುರೋಪಿನಲ್ಲೇ ಆಗ ಕಾವೇರಿದ ವಾದ ನಡೆದಿತ್ತು.

ಜಗಳದ ಒಂದು ತುದಿಯಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ ಇದ್ದಾರೆ. ಬೈಬಲಿನ ವಂಶಾವಳಿಗಳನ್ನು, ರಾಜರ ಆಳ್ವಿಕೆಯ ವರ್ಷಗಳನ್ನು ಕೂಡಿಸಿ ಅವರು 1650ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಅದರ ಪ್ರಕಾರ ಸೃಷ್ಟಿ ಆದದ್ದು ಕ್ರಿಸ್ತಪೂರ್ವ 4004ರ ಅಕ್ಟೋಬರ್ ತಿಂಗಳಲ್ಲಿ! ಇಂದು ಇದನ್ನು ಕೇಳಿ ನಗುವವರೇ ಹೆಚ್ಚು. ಆದರೆ ಅಶರ್ ದಡ್ಡರಲ್ಲ. ತಮ್ಮ ಕಾಲಕ್ಕೆ ಲಭ್ಯವಿದ್ದ ಹೀಬ್ರೂ, ಗ್ರೀಕ್, ಲ್ಯಾಟಿನ್ ಆಕರಗಳನ್ನೆಲ್ಲ ಜಾಲಾಡಿದ ವಿದ್ವಾಂಸರು. ತೊಂದರೆಯಾದದ್ದು ಆ ಇಸವಿಯನ್ನು 18ನೇ ಶತಮಾನದ ಆರಂಭದಿಂದ ಇಂಗ್ಲಿಷ್ ಬೈಬಲಿನ ಅಂಚಿನಲ್ಲಿ ಮುದ್ರಿಸತೊಡಗಿದಾಗ. ಅಂಚಿನಲ್ಲಿದ್ದ ವಿದ್ವಾಂಸನ ಲೆಕ್ಕ ಓದುಗರ ಕಣ್ಣಿಗೆ ದೇವವಾಕ್ಯವೇ ಆಗಿಬಿಟ್ಟಿತು. ಗ್ರಂಥ ಮತ್ತು ಅದರ ಮೇಲಿನ ಟಿಪ್ಪಣಿ ಒಂದೇ ಎಂದು ತಿಳಿಯುವ ರೋಗ ಕ್ರೈಸ್ತರಿಗೆ ಮಾತ್ರ ಅಂಟಿದ್ದಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ತುದಿಯಲ್ಲಿ ಸುತ್ತಿಗೆ ಹಿಡಿದು ಕಲ್ಲು ಒಡೆಯುವವರಿದ್ದರು. ವಿಚಿತ್ರವೆಂದರೆ ಅವರಲ್ಲಿ ಅನೇಕರು ಭಕ್ತರು, ಕೆಲವರು ಪಾದ್ರಿಗಳೇ. ಆಕ್ಸ್‌ಫರ್ಡಿನಲ್ಲಿ ಭೂವಿಜ್ಞಾನ ಕಲಿಸಿದ ವಿಲಿಯಂ ಬಕ್ಲಂಡ್ ಪಾದ್ರಿ. ಸ್ಕಾಟ್ಲೆಂಡಿನ ಹ್ಯೂ ಮಿಲ್ಲರ್ ಕಲ್ಲುಕುಟಿಗನಾಗಿ ಬದುಕು ಆರಂಭಿಸಿದ ಕಟ್ಟಾ ಕ್ರೈಸ್ತ. ತನ್ನೂರಿನ ಕೆಂಪು ಮರಳುಗಲ್ಲಿನಲ್ಲಿ ಮೀನಿನ ಪಳೆಯುಳಿಕೆಗಳನ್ನು ಕಂಡು ಅದರ ಬಗ್ಗೆ ಆತ ಪುಸ್ತಕ ಪ್ರಕಟಿಸಿದ್ದು 1841ರಲ್ಲಿ, ಬೆಟಗೇರಿಯಲ್ಲಿ ಮಿಷನ್ ಆರಂಭವಾದ ವರ್ಷದಲ್ಲೇ. ನಮಗೆ ಇನ್ನೂ ಹತ್ತಿರದ ನಾಗಪುರದಲ್ಲಿ ಸ್ಕಾಟ್ಲೆಂಡಿನ ಮಿಷನರಿ ಸ್ಟೀಫನ್ ಹಿಸ್ಲಾಪ್ ಶಾಲೆ ನಡೆಸುತ್ತ, ಬಿಡುವಿನಲ್ಲಿ ಮಧ್ಯ ಭಾರತದ ಪಳೆಯುಳಿಕೆಗಳನ್ನು ಸಂಗ್ರಹಿಸಿ ಲಂಡನ್ನಿನ ವಿದ್ವತ್ ಪತ್ರಿಕೆಗೆ ಬರೆಯುತ್ತಿದ್ದರು. 1863ರಲ್ಲಿ ಹಳ್ಳ ದಾಟುವಾಗ ಅವರು ನೀರುಪಾಲಾದರು.

1858ರ ಇಸವಿಯನ್ನು ನರಗುಂದದವರು ಮರೆಯುವುದಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಬಾಬಾಸಾಹೇಬ ಎಂದು ಹೆಸರಾದ ಭಾಸ್ಕರರಾವ್ ಭಾವೆ ಬ್ರಿಟಿಷರ ವಿರುದ್ಧ ಬಂಡೆದ್ದರು. ರಾಜಕೀಯ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ. ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಲಾಯಿತು. ಅದೇ ವರ್ಷ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಡಾರ್ವಿನ್ ಮತ್ತು ವ್ಯಾಲೇಸರ ಪ್ರಬಂಧಗಳನ್ನು ಓದಲಾಯಿತು. ಒಂದು ಜಾತಿಯ ಜೀವಿಯಿಂದ ಇನ್ನೊಂದು ರೂಪುಗೊಳ್ಳುವ ಬಗೆಯನ್ನು ವಿವರಿಸಿದ ಪ್ರಬಂಧಗಳವು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ತರುಣ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಕೆಲಸಕ್ಕೆ ಸೇರಿದ. ಈ ಮೂರಕ್ಕೂ ಪರಸ್ಪರ ಸಂಬಂಧವಿಲ್ಲ. ಆದರೆ ಆ ತರುಣ ಮುಂದೆ ನರಗುಂದದ ಸುತ್ತಲಿನ ನೆಲವನ್ನು ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ ಅಳೆದವನು.

ಫೂಟ್ 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಆದಿಮಾನವನ ಕಲ್ಲಿನ ಆಯುಧ ಕಂಡುಹಿಡಿದು ಭಾರತದ ಪ್ರಾಗಿತಿಹಾಸಕ್ಕೆ ತಳಹದಿ ಹಾಕಿದರು. ನಮ್ಮ ಭಾಗದ ಮೇಲೆ ಅವರು ಬರೆದ ದೊಡ್ಡ ವರದಿ 1876ರಲ್ಲಿ ಹೊರಬಂದಿತು. ಆಗ ದಕ್ಷಿಣ ಮರಾಠಾ ಪ್ರದೇಶ ಎಂದು ಕರೆಯುತ್ತಿದ್ದ ಇಡೀ ಸೀಮೆಯ ಕಲ್ಲು-ಮಣ್ಣು ಅದರಲ್ಲಿದೆ. ಕಲಾದಗಿಯ ಹೆಸರನ್ನು ಅವರು ಇಲ್ಲಿಯ ಪದರಶಿಲೆಗಳಿಗೆ ಇಟ್ಟರು, 1880ರ ದಶಕದಲ್ಲಿ ಧಾರವಾಡದ ಹೆಸರನ್ನು ಅದಕ್ಕೂ ಹಳೆಯ ಶಿಲೆಗಳಿಗೆ ಇಟ್ಟರು. ಇಂದಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಧಾರವಾಡ ಎಂದರೆ ಪೇಢೆಯಲ್ಲ, ಕಲ್ಲು! ಮಲಪ್ರಭೆಯ ದಂಡೆಯ ಗರಸಿನಲ್ಲಿ ಶಿಲಾಯುಗದ ಮನುಷ್ಯ ಕೆತ್ತಿದ ಆಯುಧಗಳನ್ನೂ ಫೂಟ್ ಕಂಡರು. 20ನೇ ಶತಮಾನದಲ್ಲಿ ಆರ್. ವಿ. ಜೋಶಿ ಅದೇ ಕಣಿವೆಯನ್ನು ಮತ್ತೆ ಶೋಧಿಸಿ 1955ರಲ್ಲಿ ಪುಸ್ತಕ ಪ್ರಕಟಿಸಿದರು.

ಫೂಟ್ ಮಿಷನರಿ ಪೀಟರ್ ಪರ್ಸಿವಲ್ ಅವರ ಅಳಿಯ. ಪರ್ಸಿವಲ್ ಜಾಫ್ನಾದಲ್ಲಿ ಇದ್ದು ಬೈಬಲನ್ನು ತಮಿಳಿಗೆ ತರುವ ಕೆಲಸ ಮಾಡಿದವರು. ಅದೇ ಜಾಫ್ನಾದಲ್ಲಿ 1829ರಲ್ಲಿ ಅಮೆರಿಕನ್ ಮಿಷನರಿ ಡೇನಿಯಲ್ ಪೂರ್ ಒಂದು ಚಂದ್ರಗ್ರಹಣದ ಸಮಯವನ್ನು ಸ್ಥಳೀಯ ಪಂಚಾಂಗಕರ್ತನಿಗಿಂತ ನಿಖರವಾಗಿ ಹೇಳಿ, ಪುರಾಣಗಳ ಭೂಗೋಳ ಸುಳ್ಳಾಯಿತೆಂದು ಸಾರಿದ್ದರು. ಖಗೋಳ ವಿಜ್ಞಾನವನ್ನು ಕತ್ತಿಯಂತೆ ಹಿಡಿದು ಸಪ್ತದ್ವೀಪ, ಕ್ಷೀರಸಾಗರಗಳನ್ನು ಕಡಿಯುವುದು ಆ ಕಾಲದ ಮಿಷನರಿ ಶಿಕ್ಷಣದ ಒಂದು ಮುಖ್ಯ ತಂತ್ರ. ಆದರೆ ಕತ್ತಿಗೆ ಎರಡು ಅಲಗು. ಪುರಾಣದ ಭೂಗೋಳವನ್ನು ಕಡಿದ ವಿಜ್ಞಾನವೇ ಭೂಮಿಯ ವಯಸ್ಸಿನ ಪ್ರಶ್ನೆ ಬಂದಾಗ ಅಶರ್ ಮಹಾಶಯರ ಇಸವಿಯನ್ನೂ ಕಡಿಯಿತು.

ಹಾಗಾದರೆ ದೇವಶಾಸ್ತ್ರಜ್ಞರು ಏನು ಮಾಡಿದರು? ಮೊದಲು ಮಾಡಿದ್ದು ಹೊಂದಾಣಿಕೆ. ಆದಿಕಾಂಡದ ಮೊದಲ ಎರಡು ವಾಕ್ಯಗಳ ನಡುವೆ ಕೋಟ್ಯಂತರ ವರ್ಷಗಳ ಬಿಡುವು ಇತ್ತು ಎಂದು ಸ್ಕಾಟ್ಲೆಂಡಿನ ಥಾಮಸ್ ಚಾಮರ್ಸ್ 19ನೇ ಶತಮಾನದ ಆರಂಭದಲ್ಲೇ ಹೇಳಿದ್ದರು. ಬಕ್ಲಂಡರು 1836ರಲ್ಲಿ ಅದನ್ನೇ ಹಿಡಿದರು. ಅದು ಸಾಲದೆಂದು ಕಂಡಾಗ ಹ್ಯೂ ಮಿಲ್ಲರ್ ಸೃಷ್ಟಿಯ ಒಂದೊಂದು ದಿನವೂ ಒಂದೊಂದು ಯುಗ ಎಂದರು. ಅವರ ಆ ಪುಸ್ತಕ 1857ರಲ್ಲಿ, ಅವರ ಮರಣಾನಂತರ ಹೊರಬಂದಿತು. ಈ ಹೊಂದಾಣಿಕೆಗಳ ಹಿಂದಿನ ಪ್ರಾಮಾಣಿಕತೆಯನ್ನು ನಾವು ಸಂಶಯಿಸುವುದಿಲ್ಲ. ಆದರೆ ಇದು ಮುಗಿಯದ ಸಾಲ. ಇಂದಿನ ಸಂಶೋಧನೆಗೆ ಹೊಂದುವಂತೆ ಅರ್ಥ ಮಾಡಿದ ವಾಕ್ಯಕ್ಕೆ ನಾಳೆ ಸಂಶೋಧನೆ ಬದಲಾದಾಗ ಮತ್ತೆ ಅರ್ಥ ಹುಡುಕಬೇಕು. ಫ್ರಾನ್ಸಿನ ವೈದ್ಯ ಮಾರಿಸ್ ಬುಕೈಲ್ 1976ರಲ್ಲಿ ಬರೆದ ಪುಸ್ತಕದ ನಂತರ ಮುಸ್ಲಿಮರಲ್ಲೂ ಇಂತಹದೇ ಒಂದು ಸಾಹಿತ್ಯ ಹುಲುಸಾಗಿ ಬೆಳೆಯಿತು. ಮಹಾಸ್ಫೋಟದಿಂದ ಭ್ರೂಣಶಾಸ್ತ್ರದವರೆಗೆ ಎಲ್ಲವನ್ನೂ ಕುರ್‌ಆನಿನ ಸೂಕ್ತಗಳಲ್ಲಿ ಹುಡುಕುವ ಸಾಹಿತ್ಯ. ಝಿಯಾವುದ್ದೀನ್ ಸರ್ದಾರರಂಥ ಮುಸ್ಲಿಮ್ ಚಿಂತಕರೇ ಅದನ್ನು ಬುಕೈಲ್‌ವಾದ ಎಂದು ಕರೆದು ಟೀಕಿಸಿದ್ದಾರೆ.

ಹೊಂದಾಣಿಕೆಗೆ ಹೊರತಾದ ದಾರಿಯೊಂದು ಬಂದದ್ದು ಬಾಸೆಲ್ ಪಟ್ಟಣದಿಂದಲೇ, ಬೆಟಗೇರಿಗೆ ಪಾದ್ರಿಗಳನ್ನು ಕಳಿಸಿದ ಅದೇ ಊರಿನಿಂದ. ಕಾರ್ಲ್ ಬಾರ್ತ್ 20ನೇ ಶತಮಾನದ ಅತ್ಯಂತ ಪ್ರಭಾವಶಾಲಿ ಪ್ರೊಟೆಸ್ಟಂಟ್ ದೇವಶಾಸ್ತ್ರಜ್ಞ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದಾಗ ಹಿಟ್ಲರನಿಗೆ ಷರತ್ತಿಲ್ಲದ ನಿಷ್ಠೆಯ ಪ್ರಮಾಣ ಮಾಡಲೊಪ್ಪದೆ ಹುದ್ದೆ ಕಳೆದುಕೊಂಡರು. 1935ರಲ್ಲಿ ಬಾಸೆಲ್ ವಿಶ್ವವಿದ್ಯಾಲಯ ಸೇರಿ 1962ರವರೆಗೆ ಅಲ್ಲಿ ಕಲಿಸಿದರು. ಅವರ ಹಲವು ಸಾವಿರ ಪುಟಗಳ ಮಹಾಗ್ರಂಥದಲ್ಲಿ ಸೃಷ್ಟಿಸಿದ್ಧಾಂತದ ಮೊದಲ ಸಂಪುಟ ಬಂದದ್ದು 1945ರಲ್ಲಿ, ಯುದ್ಧ ಮುಗಿದ ವರ್ಷ.

ಆ ಸಂಪುಟದ ಮುನ್ನುಡಿಯಲ್ಲಿ ಬಾರ್ತ್ ಆಶ್ಚರ್ಯದ ಮಾತೊಂದನ್ನು ಹೇಳುತ್ತಾರೆ. ವಿಜ್ಞಾನದ ಪ್ರಶ್ನೆಗಳನ್ನು ಎದುರಿಸಬೇಕಾದೀತು ಎಂದುಕೊಂಡೇ ಅವರು ಕೆಲಸಕ್ಕೆ ಕುಳಿತಿದ್ದರು. ಆದರೆ ಸೃಷ್ಟಿಯ ಬಗ್ಗೆ ಧರ್ಮಗ್ರಂಥ ಹೇಳುವ ಮಾತಿಗೆ ವಿಜ್ಞಾನದಿಂದ ಬರುವ ಆಕ್ಷೇಪವಾಗಲಿ ಸಹಾಯವಾಗಲಿ ಇಲ್ಲವೆಂದು ಬೇಗನೆ ಅವರಿಗೆ ಮನವರಿಕೆಯಾಯಿತಂತೆ. ಬಾರ್ತರ ಪ್ರಕಾರ ಆದಿಕಾಂಡದ ಕಥನ ವರದಿಯಲ್ಲ, ಕಟ್ಟುಕಥೆಯೂ ಅಲ್ಲ. ಕಣ್ಣಾರೆ ಕಂಡ ಸಾಕ್ಷಿ ಇರಲಾರದ ಒಂದು ಆರಂಭವನ್ನು ನುಡಿಯುವ ಬೇರೆಯೇ ಬಗೆಯ ಮಾತು. ಅದರ ವಿಷಯ ದೇವರು ಮತ್ತು ಮನುಷ್ಯನ ನಡುವಿನ ಒಡಂಬಡಿಕೆ. ಜಗತ್ತು ಆ ಒಡಂಬಡಿಕೆ ನಡೆಯಲೆಂದು ಕಟ್ಟಿದ ಅಂಗಳ. ಅಂಗಳದ ಕಲ್ಲು ಎಷ್ಟು ಹಳೆಯದು ಎಂಬುದು ಕಲ್ಲಿನ ತಜ್ಞರಿಗೆ ಬಿಟ್ಟ ಪ್ರಶ್ನೆ.

1965ರಲ್ಲಿ ಅವರ ಬಂಧುವಾದ ತರುಣಿಯೊಬ್ಬಳು ಸೃಷ್ಟಿಕಥೆಗೂ ವಿಕಾಸವಾದಕ್ಕೂ ಹೊಂದಿಕೆ ಹೇಗೆಂದು ಕೇಳಿದಾಗ ಬಾರ್ತ್ ಪತ್ರ ಬರೆದು, ಆರ್ಗನ್ ವಾದ್ಯ ಮತ್ತು ಕಸ ಹೀರುವ ಯಂತ್ರವನ್ನು ಹೋಲಿಸಲು ಹೊರಟರೆ ಎಷ್ಟು ಅರ್ಥವಿದೆಯೋ ಇದಕ್ಕೂ ಅಷ್ಟೇ ಎಂಬ ಅರ್ಥದ ಉತ್ತರ ಕೊಟ್ಟರು. ಎರಡರಲ್ಲೂ ಗಾಳಿ ಆಡುತ್ತದೆ, ಕೆಲಸ ಬೇರೆ ಬೇರೆ! ಭೀಮಸೇನ ಜೋಶಿಯವರ ಹುಟ್ಟೂರಾದ ರೋಣದವರಿಗೆ ಈ ಹೋಲಿಕೆಯ ಮೊದಲರ್ಧವನ್ನಾದರೂ ವಿವರಿಸಬೇಕಾಗಿಲ್ಲ.

ಬಾರ್ತ್ ಇಷ್ಟು ಕಟುವಾಗಿ ಗೋಡೆ ಎತ್ತಿದ್ದೇಕೆ? ಇದನ್ನು ಗಮನಿಸದೆ ಅವರ ಸಿದ್ಧಾಂತವನ್ನು ಓದಿದರೆ ವಿಜ್ಞಾನಕ್ಕೆ ಹೆದರಿ ಓಡಿದರು ಎನಿಸೀತು. ಅವರು ಹೆದರಿದ್ದು ವಿಜ್ಞಾನಕ್ಕಲ್ಲ. 1930ರ ದಶಕದ ಜರ್ಮನಿಯಲ್ಲಿ ತಮ್ಮನ್ನು ಜರ್ಮನ್ ಕ್ರೈಸ್ತರೆಂದು ಕರೆದುಕೊಂಡ ಗುಂಪೊಂದು ಜನಾಂಗ, ರಕ್ತ, ನೆಲ ಇವೆಲ್ಲ ದೇವರೇ ಸೃಷ್ಟಿಯಲ್ಲಿ ಹಾಕಿಕೊಟ್ಟ ಕಟ್ಟಳೆಗಳು ಎಂದು ಬೋಧಿಸುತ್ತಿತ್ತು. ಯಹೂದಿಗಳನ್ನು ಚರ್ಚಿನಿಂದ, ಕೆಲಸದಿಂದ ಹೊರಹಾಕಲು ಸೃಷ್ಟಿಸಿದ್ಧಾಂತವೇ ಸಮರ್ಥನೆಯಾಯಿತು. ಪ್ರಕೃತಿಯನ್ನು ನೋಡಿ ದೇವರ ಇಚ್ಛೆಯನ್ನು ಓದುತ್ತೇವೆ ಎಂದವರು ಕೊನೆಗೆ ಓದಿದ್ದು ತಮ್ಮ ದ್ವೇಷವನ್ನೇ. 1934ರ ಬಾರ್ಮೆನ್ ಘೋಷಣೆಯನ್ನು ಮುಖ್ಯವಾಗಿ ಬರೆದವರು ಬಾರ್ತ್. ಅದೇ ವರ್ಷ ತಮ್ಮ ಗೆಳೆಯ ಎಮಿಲ್ ಬ್ರುನ್ನರ್ ನಿಸರ್ಗದಿಂದ ದೇವಜ್ಞಾನಕ್ಕೆ ಸಣ್ಣದೊಂದು ಕಿಂಡಿ ಬಿಡೋಣ ಎಂದಾಗ 'ಇಲ್ಲ!' ಎಂಬ ಒಂದೇ ಪದವನ್ನು ಶೀರ್ಷಿಕೆಯಾಗಿಟ್ಟು ಉತ್ತರ ಬರೆದರು. ದಕ್ಷಿಣ ಆಫ್ರಿಕಾದ ಡಚ್ ರಿಫಾರ್ಮ್ಡ್ ಚರ್ಚ್ ವರ್ಣಭೇದ ನೀತಿಯನ್ನು ಇಂಥದೇ ವಾದದಿಂದ ಸಮರ್ಥಿಸಿತು. 1982ರಲ್ಲಿ ಜಗತ್ತಿನ ರಿಫಾರ್ಮ್ಡ್ ಚರ್ಚುಗಳ ಒಕ್ಕೂಟ ಆ ಸಮರ್ಥನೆಯನ್ನು ಪಾಷಂಡವೆಂದು ಸಾರಿತು.

ನಮ್ಮ ದೇಶದಲ್ಲಿ ಈ ಮಾತು ಇನ್ನೂ ಹತ್ತಿರದಿಂದ ತಟ್ಟುತ್ತದೆ. ಸೃಷ್ಟಿಕರ್ತನ ಬೇರೆ ಬೇರೆ ಅಂಗಗಳಿಂದ ಬೇರೆ ಬೇರೆ ವರ್ಣಗಳು ಹುಟ್ಟಿದವೆಂಬ ಕಥನವನ್ನು ಎಷ್ಟು ತಲೆಮಾರು ಕೇರಿಯ ಜನರ ಬಾಯಿ ಮುಚ್ಚಿಸಲು ಬಳಸಲಾಯಿತು! ಎಲ್ಲರೂ ಆದಮರ ಮಕ್ಕಳು ಎನ್ನುವ ಮುಸ್ಲಿಮರಲ್ಲೂ ಅಶ್ರಾಫ್-ಅಜ್ಲಾಫ್ ಎಂಬ ಮೇಲು-ಕೀಳು ನುಸುಳಿ ಕುಳಿತಿತು. ಸೃಷ್ಟಿಯ ಚರ್ಚೆ ಎಂದರೆ ಡೈನೋಸಾರ್‌ಗಳ ಚರ್ಚೆ ಮಾತ್ರ ಎಂದು ತಿಳಿದವರು ಬಾರ್ತರ ಈ ಭಾಗವನ್ನು ಓದಬೇಕು.

ಹಾಗೆಂದು ಬಾರ್ತರೇ ಕೊನೆಯ ಮಾತಲ್ಲ. ಬಾಸೆಲ್‌ನಲ್ಲಿ ಅವರ ಕೈಕೆಳಗೆ ಕಲಿತ ಸ್ಕಾಟ್ಲೆಂಡಿನ ಥಾಮಸ್ ಟೊರನ್ಸ್ ಈ ಗೋಡೆಯನ್ನು ಒಪ್ಪಲಿಲ್ಲ. ಟೊರನ್ಸ್ ಹುಟ್ಟಿದ್ದು 1913ರಲ್ಲಿ ಚೀನಾದ ಚೆಂಗ್ಡುವಿನಲ್ಲಿ, ಮಿಷನರಿ ದಂಪತಿಗಳಿಗೆ. 1969ರ ಮತ್ತು 1981ರ ತಮ್ಮ ಪುಸ್ತಕಗಳಲ್ಲಿ ಅವರು ಹೇಳಿದ್ದು ಹೀಗೆ: ದೇವರು ಸ್ವತಂತ್ರ ಇಚ್ಛೆಯಿಂದ ಜಗತ್ತನ್ನು ಉಂಟುಮಾಡಿದ್ದಾದರೆ ಅದು ಹೀಗೆಯೇ ಇರಬೇಕೆಂಬ ಕಡ್ಡಾಯವಿಲ್ಲ, ಬೇರೆ ರೀತಿಯಲ್ಲೂ ಇರಬಹುದಿತ್ತು. ಆದ್ದರಿಂದ ಕುಳಿತಲ್ಲೇ ತರ್ಕ ಮಾಡಿ ಜಗತ್ತನ್ನು ಅರಿಯಲಾಗದು, ಎದ್ದು ಹೋಗಿ ನೋಡಬೇಕು, ಅಳೆಯಬೇಕು. ಪ್ರಯೋಗ ವಿಜ್ಞಾನಕ್ಕೆ ಸೃಷ್ಟಿನಂಬಿಕೆಯೇ ನೆಲ ಹದ ಮಾಡಿಕೊಟ್ಟಿತು ಎಂಬುದು ಅವರ ವಾದ. ವಾದ ಸೊಗಸಾಗಿದೆ, ಆದರೆ ಅಳತೆ ಮೀರಿದೆ ಎನ್ನದೆ ನಿರ್ವಾಹವಿಲ್ಲ. ಉಜ್ಜಯಿನಿಯಲ್ಲಿ, ಬಾಬಿಲೋನಿನಲ್ಲಿ, ಚೀನಾದಲ್ಲಿ ಗ್ರಹಗತಿ ಅಳೆದವರು ಕ್ರೈಸ್ತ ಸೃಷ್ಟಿಸಿದ್ಧಾಂತ ಓದಿದವರಲ್ಲ.

ಟೊರನ್ಸ್ ತಮ್ಮ ಪೂರ್ವಜನೆಂದು ಗೌರವದಿಂದ ನೆನೆದದ್ದು ಆರನೇ ಶತಮಾನದ ಅಲೆಕ್ಸಾಂಡ್ರಿಯಾದ ಜಾನ್ ಫಿಲೊಪೊನಸ್‌ನನ್ನು. ಜಗತ್ತು ಅನಾದಿ ಎಂಬ ಗ್ರೀಕ್ ತತ್ವವನ್ನು ಈ ಕ್ರೈಸ್ತ ಪಂಡಿತ ಖಂಡಿಸಿದ್ದ. ಅರಬರು ಅವನನ್ನು ಯಹ್ಯಾ ಅನ್ನಹ್ವಿ, ಅಂದರೆ ವ್ಯಾಕರಣಕಾರ ಯಹ್ಯಾ ಎಂದು ಕರೆದರು, ಅವನ ಕೃತಿಗಳನ್ನು ಓದಿದರು. 1095ರಲ್ಲಿ ಇಮಾಮ್ ಗಝ್ಝಾಲಿ 'ತಹಾಫುತುಲ್ ಫಲಾಸಿಫ'ದಲ್ಲಿ ಜಗತ್ತಿಗೆ ಆರಂಭವಿದೆ ಎಂದು ಸಾಧಿಸುವಾಗ ಅವನ ವಾದಗಳ ಎಳೆ ಅಲ್ಲಿ ಕಾಣುತ್ತದೆ. ಗಝ್ಝಾಲಿಯಿಂದ ಅದು ಮತ್ತೆ ಕ್ರೈಸ್ತರ ಕಡೆಗೆ ಹೊರಳಿದ ಕತೆ ಇನ್ನೂ ಸ್ವಾರಸ್ಯಕರ. ಅಮೆರಿಕದ ದೇವಶಾಸ್ತ್ರಜ್ಞ ವಿಲಿಯಂ ಲೇನ್ ಕ್ರೇಗ್ ಇಂಗ್ಲೆಂಡಿನಲ್ಲಿ ಡಾಕ್ಟರೇಟಿಗಾಗಿ ಇದೇ ವಾದವನ್ನು ಅಧ್ಯಯನ ಮಾಡಿ, ಮಹಾಸ್ಫೋಟ ಸಿದ್ಧಾಂತದೊಂದಿಗೆ ಹೆಣೆದು 1979ರಲ್ಲಿ ಪುಸ್ತಕ ಪ್ರಕಟಿಸಿದರು. ಅದರ ಹೆಸರಿನಲ್ಲೇ 'ಕಲಾಮ್' ಎಂಬ ಅರಬಿ ಪದವಿದೆ.

ಆದರೆ 13ನೇ ಶತಮಾನದ ಥಾಮಸ್ ಅಕ್ವಿನಾಸ್ ಈ ದಾರಿ ಹಿಡಿದಿರಲಿಲ್ಲ. ಜಗತ್ತಿಗೆ ಆರಂಭವಿದೆ ಎಂದು ಅವರು ನಂಬಿದ್ದರು. ತರ್ಕದಿಂದ ಅದನ್ನು ಸಾಧಿಸಲಾಗದು ಎಂದೂ ಹೇಳಿದರು. ಅವರಿಗೆ ಸೃಷ್ಟಿ ಎಂದರೆ ಎಂದೋ ನಡೆದು ಮುಗಿದ ಘಟನೆಗಿಂತ ಮುಖ್ಯವಾಗಿ ಒಂದು ಸಂಬಂಧ. ಇರುವುದೆಲ್ಲವೂ ತನ್ನ ಇರವಿಗಾಗಿ ಪ್ರತಿಕ್ಷಣವೂ ದೇವರನ್ನು ಆಶ್ರಯಿಸಿದೆ ಎಂಬುದು ಅದರ ತಿರುಳು. ತಾನಾಗಿ ಇರುವವನು ಒಬ್ಬನೇ, ಉಳಿದೆಲ್ಲ ಇರಲೂಬಹುದು ಇಲ್ಲದಿರಲೂಬಹುದು ಎಂಬ ಈ ವಿಂಗಡಣೆಯನ್ನು ಅಕ್ವಿನಾಸ್ ಪಡೆದದ್ದು ಬಹುಮಟ್ಟಿಗೆ ಇಬ್ನ್ ಸೀನಾರಿಂದ. ಅದಕ್ಕೂ ಎಂಟು ಶತಮಾನ ಹಿಂದೆ ಇಂದಿನ ಅಲ್ಜೀರಿಯಾದ ನೆಲದಲ್ಲಿದ್ದ ಅಗಸ್ಟೀನ್ ಸೃಷ್ಟಿಯ ದಿನಗಳು ಸೂರ್ಯನಿಂದ ಅಳೆಯುವ ದಿನಗಳಲ್ಲ ಎಂದಿದ್ದರು. ಭೂಮಿ-ಆಕಾಶಗಳ ಬಗ್ಗೆ ತಿಳಿದವರ ಎದುರು ಧರ್ಮಗ್ರಂಥ ಹಿಡಿದು ಅಸಂಬದ್ಧ ಮಾತನಾಡಿ ಗ್ರಂಥವನ್ನೇ ನಗೆಪಾಟಲು ಮಾಡಬೇಡಿ ಎಂದು ತಮ್ಮವರನ್ನು ಎಚ್ಚರಿಸಿದ್ದರು. ಅಂಚಿನಲ್ಲಿ 4004 ಎಂದು ಅಚ್ಚು ಹಾಕಿಸಿದವರಿಗೆ ಮನೆಯ ಹಿರಿಯರ ಮಾತು ಮರೆತುಹೋಗಿತ್ತು.

ಇಬ್ನ್ ಸೀನಾ 'ಶಿಫಾ' ಗ್ರಂಥದಲ್ಲಿ ಬೆಟ್ಟಗಳು ನೀರಿನ ಕೊರೆತದಿಂದ, ಕೆಸರು ಕಲ್ಲಾಗುವುದರಿಂದ ಬಹುದೀರ್ಘ ಕಾಲದಲ್ಲಿ ರೂಪುಗೊಳ್ಳುತ್ತವೆ ಎಂದು ಬರೆದವರು. ಅವರ ಸಮಕಾಲೀನ ಅಲ್‌ಬೀರೂನಿ 1030ರ ಸುಮಾರಿಗೆ ಭಾರತದ ಬಗ್ಗೆ ಬರೆಯುತ್ತ, ಬೆಟ್ಟದ ಬುಡದಲ್ಲಿ ದೊಡ್ಡ ಉರುಟು ಕಲ್ಲು, ದೂರ ಹೋದಂತೆ ಸಣ್ಣವು, ನದಿ ಸಮುದ್ರ ಸೇರುವಲ್ಲಿ ಮರಳು ಇರುವುದನ್ನು ಗಮನಿಸಿ, ಉತ್ತರದ ಬಯಲು ಒಂದು ಕಾಲಕ್ಕೆ ಸಮುದ್ರವಾಗಿದ್ದು ನದಿಗಳ ಹೂಳಿನಿಂದ ತುಂಬಿದೆ ಎಂದು ತೀರ್ಮಾನಿಸಿದರು. ಇಬ್ಬರ ಈಮಾನಿಗೂ ಇದರಿಂದ ಧಕ್ಕೆ ಬರಲಿಲ್ಲ. ಮಲಪ್ರಭೆಯ ದಂಡೆಯಲ್ಲಿ ಫೂಟ್ ಗರಸನ್ನು ಓದಿದ್ದು ಸರಿಸುಮಾರು ಇದೇ ಕ್ರಮದಲ್ಲಿ, ಎಂಟೂವರೆ ಶತಮಾನದ ನಂತರ.

20ನೇ ಶತಮಾನದಲ್ಲಿ ಈ ಸಂಯಮಕ್ಕೆ ಒಳ್ಳೆಯ ಉದಾಹರಣೆ ಬೆಲ್ಜಿಯಂನ ಜಾರ್ಜ್ ಲೆಮೈತ್ರ್. ಅವರು ಕ್ಯಾಥೊಲಿಕ್ ಪಾದ್ರಿ ಮತ್ತು ಭೌತವಿಜ್ಞಾನಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ, ಒಂದು ಆದಿಕಣದಿಂದ ಅದು ಆರಂಭವಾಯಿತೆಂದು 1931ರಲ್ಲಿ ಮಂಡಿಸಿದರು. 1951ರಲ್ಲಿ ಪೋಪ್ 12ನೇ ಪಯಸ್ ಈ ಸಿದ್ಧಾಂತ ಸೃಷ್ಟಿಗೆ ಸಾಕ್ಷ್ಯ ನುಡಿಯುತ್ತಿದೆ ಎಂಬರ್ಥದ ಭಾಷಣ ಮಾಡಿದಾಗ ಎಲ್ಲರಿಗಿಂತ ಹೆಚ್ಚು ಕಳವಳಗೊಂಡವರು ಲೆಮೈತ್ರ್. ತನ್ನ ಸಿದ್ಧಾಂತ ಭೌತವಿಜ್ಞಾನದ್ದು, ನಂಬುವವನೂ ನಂಬದವನೂ ಅದನ್ನು ಸಮಾನವಾಗಿ ಪರೀಕ್ಷಿಸಬಹುದಾದದ್ದು ಎಂಬುದು ಅವರ ನಿಲುವು. ಮರುವರ್ಷ ಖಗೋಳ ವಿಜ್ಞಾನಿಗಳ ಎದುರು ಮಾತನಾಡಿದಾಗ ಪೋಪ್ ಆ ಮಾತನ್ನು ಮತ್ತೆ ಎತ್ತಲಿಲ್ಲ.

ಈ ಎಲ್ಲ ನಿಲುವುಗಳನ್ನು ಒಂದು ಶಾಸ್ತ್ರವಾಗಿ ಅಧ್ಯಯನ ಮಾಡಿದವರು ಇಯಾನ್ ಬಾರ್ಬರ್. ಅವರು 1923ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದವರು, ತಂದೆ ಭೂವಿಜ್ಞಾನಿ. ಸ್ವತಃ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೇಲೆ ದೇವಶಾಸ್ತ್ರ ಓದಿ 1966ರಲ್ಲಿ ಪ್ರಕಟಿಸಿದ ಪುಸ್ತಕದಿಂದ ವಿಜ್ಞಾನ-ಧರ್ಮ ಅಧ್ಯಯನ ವಿಶ್ವವಿದ್ಯಾಲಯಗಳಲ್ಲಿ ಒಂದು ಕ್ಷೇತ್ರವಾಗಿ ನಿಂತಿತು. ಸಂಘರ್ಷ, ಪ್ರತ್ಯೇಕತೆ, ಸಂವಾದ, ಸಮನ್ವಯ ಎಂದು ಅವರು ಮಾಡಿದ ನಾಲ್ಕು ವಿಭಾಗಗಳನ್ನು ಇಂದೂ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಬಾರ್ತರದು ಎರಡನೆಯದು, ಟೊರನ್ಸರದು ಮೂರನೆಯದು ಎನ್ನಬಹುದು.

ದುರ್ದೈವವೆಂದರೆ ನಮ್ಮ ಊರುಗಳಿಗೆ ತಲುಪಿದ್ದು ಇವರಾರ ಪುಸ್ತಕವೂ ಅಲ್ಲ. 1961ರಲ್ಲಿ ಅಮೆರಿಕದ ವಿಟ್‌ಕಂಬ್ ಎಂಬ ಬೈಬಲ್ ಪಂಡಿತ ಮತ್ತು ಮಾರಿಸ್ ಎಂಬ ಜಲವಿಜ್ಞಾನದ ಎಂಜಿನಿಯರ್ ಸೇರಿ, ಭೂಮಿಯ ಪದರಶಿಲೆಗಳೆಲ್ಲ ನೋಹನ ಜಲಪ್ರಳಯದ ಹೂಳು ಎಂದು ಸಾಧಿಸುವ ಪುಸ್ತಕ ಬರೆದರು. ಅಲ್ಲಿಂದ ಬೆಳೆದ ಸೃಷ್ಟಿವಾದದ ಸರಕನ್ನು ತುರ್ಕಿಯ ಹಾರೂನ್ ಯಹ್ಯಾ ಎಂಬ ಕಾವ್ಯನಾಮದ ವ್ಯಕ್ತಿ ಎತ್ತಿಕೊಂಡು 2006ರಲ್ಲಿ ಹೊಳೆಯುವ ಕಾಗದದ ಭಾರೀ ಪುಸ್ತಕವಾಗಿಸಿ ಯುರೋಪಿನ ಶಾಲೆಗಳಿಗೆ ಪುಕ್ಕಟೆ ಹಂಚಿದ. ಅಮೆರಿಕದ ಸುವಾರ್ತಾವಾದಿಗಳ ವಾದವನ್ನೇ ಇಸ್ಲಾಮಿನ ವಾದವೆಂದು ನಂಬಿದ ಮುಸ್ಲಿಮ್ ಯುವಕರನ್ನು ನಾವು ಕಂಡಿದ್ದೇವೆ. ಗಝ್ಝಾಲಿಯ ಹೆಸರು ಕೇಳದವರಿಗೂ ಹಾರೂನ್ ಯಹ್ಯಾನ ಹೆಸರು ಗೊತ್ತಿತ್ತು.

2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಿರುವುದು ಸುದ್ದಿಯಾಯಿತು. ಅನುವಂಶೀಯತೆ ಮತ್ತು ವಿಕಾಸ ಎಂದಿದ್ದ ಪಾಠ ಬರಿಯ ಅನುವಂಶೀಯತೆ ಆಯಿತು. ಮಕ್ಕಳ ಹೊರೆ ಇಳಿಸಲು ಎಂಬುದು ಕೊಟ್ಟ ಕಾರಣ. ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ವಿರೋಧಿಸಿದರು. ವಿಕಾಸದ ಪಾಠ ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಉಳಿದಿದೆ ಎಂಬ ಸಮಾಧಾನವನ್ನು ಹೇಳಲಾಯಿತು. ಆದರೆ ಹತ್ತನೆಯ ನಂತರ ಕಲೆ, ವಾಣಿಜ್ಯ, ಐಟಿಐ ಸೇರುವ ಅಥವಾ ಶಾಲೆಯನ್ನೇ ಬಿಟ್ಟು ಮಗ್ಗಕ್ಕೋ ಹೊಲಕ್ಕೋ ಇಳಿಯುವ ಮಗುವಿಗೆ ಆ ಪುಸ್ತಕದ ಬಾಗಿಲು ತೆರೆಯುವುದೇ ಇಲ್ಲ.